ಎರಡನೇ ಎಲೆಯ ಬೆಲೆ

ಕಳೆದ ಜುಲೈಯ ಒಂದು ಸಂಜೆ. ಕೊಚ್ಚಿಯ ಮರೈನ್ ಡ್ರೈವಿನಲ್ಲಿ ಹನ್ನೊಂದನೇ ಮಹಡಿಯ ಒಂದು ಮನೆಯ ಬಾಲ್ಕನಿಯಲ್ಲಿ ನಾವು ಐದಾರು ಮಂದಿ ಕೂತಿದ್ದೆವು. ಮಳೆ ಆಗಷ್ಟೇ ಬಿಟ್ಟಿತ್ತು. ಹಿನ್ನೀರಿನ ಆಚೆ ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲಿನ ಕ್ರೇನುಗಳ ದೀಪಗಳು ಹೊತ್ತಿಕೊಂಡಿದ್ದವು. ಆ ಮನೆಯ ಯಜಮಾನ ನನ್ನ ಹಳೆಯ ಗೆಳೆಯ. ಒಳಗಿಂದ ಮರದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಒಂದು ಸಿಗಾರ್ ಎತ್ತಿ ತೋರಿಸಿದ. ಅದರ ಮೈಮೇಲೆ ಎರಡು ಪಟ್ಟೆ: ಒಂದು ಕಾಫಿ ಹುಡಿಯಂಥ ಕಡುಕಂದು, ಇನ್ನೊಂದು ಒಣಹುಲ್ಲಿನ ಬಣ್ಣ. ಎರಡೂ ಒಂದಕ್ಕೊಂದು ಅಂಟಿ ಬುಡದಿಂದ ತುದಿಯವರೆಗೆ ಬಳ್ಳಿ ಹಬ್ಬಿದ ಹಾಗೆ ಸುತ್ತಿಕೊಂಡು ಹೋಗಿದ್ದವು.

"ಒಂದೆಲೆಯದ್ದು ಸಾವಿರದ ಐನೂರು, ಇದು ಎರಡು ಸಾವಿರದ ಮುನ್ನೂರು. ಆದರೆ ನೋಡು, ಎರಡು ಎಲೆ, ಎರಡು ಪಟ್ಟು ಕೈಕೆಲಸ. ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂದ. ಎಲ್ಲರೂ ತಲೆಯಾಡಿಸಿದರು. ತಿರುವನಂತಪುರದಿಂದ ಬಂದಿದ್ದ ಒಬ್ಬರು, ಕೈಯಿಂದ ಮಾಡಿದ್ದಕ್ಕೆ ಬೆಲೆ ಕೊಡುವುದನ್ನು ನಮ್ಮ ಜನ ಇನ್ನೂ ಕಲಿಯಬೇಕಷ್ಟೇ ಅಂದರು. ಗೆಳೆಯ ನನ್ನ ಕಡೆ ತಿರುಗಿ, "ಬೀಡಿ ಕಟ್ಟಿದ ಮನೆಯವ ನೀನು. ನೀನೇ ಹೇಳು ಮಾರಾಯ, ಸರಿಯಲ್ವಾ?" ಎಂದು ಕೇಳಿದ.

ಆ ರಾತ್ರಿ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಉಣ್ಣಲು ಹೋದ ಮನೆಯಲ್ಲಿ ಜಗಳ ಬೇಡ ಅನ್ನಿಸಿತು. ಸುಮ್ಮನಿದ್ದದ್ದು ತಪ್ಪಾಯಿತು. ಈ ಮಾತು ಆ ಬಾಲ್ಕನಿಯ ಮಾತು ಮಾತ್ರ ಅಲ್ಲ. ಸಿಗಾರ್ ಸೇದುವವರು, ಮಾರುವವರು, ಅದರ ಬಗ್ಗೆ ಬರೆಯುವವರು ಎಲ್ಲರೂ ಅದನ್ನೇ ಹೇಳುತ್ತಾರೆ: ಬೆಲೆ ಹೆಚ್ಚಿರುವುದು ಕೈಕೆಲಸಕ್ಕೆ, ಎರಡು ಎಲೆಯಿಂದ ರುಚಿಯೂ ಇಮ್ಮಡಿ, ಆದ್ದರಿಂದ ಕೊಟ್ಟದ್ದು ಸಾರ್ಥಕ. ಇದರಲ್ಲಿ ಒಂದೂ ನಿಜವಲ್ಲ. ಬೀಡಿ ಕಟ್ಟಿದ ನನ್ನ ಅಮ್ಮನ ಕೆಲಸವನ್ನು ಮುಂದಿಟ್ಟುಕೊಂಡು ಈ ಮಾತನ್ನು ಆಡಿದ್ದರಿಂದ, ಉತ್ತರ ಕೊಡುವುದು ನನ್ನ ಮೇಲಿನ ಸಾಲ.

ಮೊದಲು ವಸ್ತುವನ್ನೇ ನೋಡೋಣ. ಕೈಯಿಂದ ಸುತ್ತಿದ ಸಿಗಾರಿಗೆ ಮೂರು ಪದರ. ಒಳಗೆ ಉದ್ದಕ್ಕೆ ಮಡಚಿಟ್ಟ ತುಂಬುಸೊಪ್ಪು, ಅದನ್ನು ಬಿಗಿದು ಹಿಡಿಯುವ ಕಟ್ಟೆಲೆ, ಎಲ್ಲದರ ಮೇಲೆ ಹೊದಿಕೆಯ ಎಲೆ. ಈ ಹೊದಿಕೆಗೇ ಅತ್ಯಂತ ನಯವಾದ, ತೂತಿಲ್ಲದ, ನರ ಎದ್ದು ಕಾಣದ ಎಲೆ ಬೇಕು. ತಿಳಿಬಣ್ಣದ್ದನ್ನು ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಸುತ್ತಾರೆ. ಕಡುಬಣ್ಣದ್ದು ರಾಶಿ ಹಾಕಿ ಹೆಚ್ಚು ಕಾಲ ಹುಳಿಸಿದ್ದು. ಅದಕ್ಕೆ ಮಡುರೊ ಎನ್ನುತ್ತಾರೆ. ಎರಡೆಲೆ ಸಿಗಾರಿನಲ್ಲಿ ಇಂಥ ಎರಡು ಬಗೆಯ ಎಲೆಯನ್ನು ಪಟ್ಟಿಯಾಗಿ ಸೀಳಿ, ಪಕ್ಕಪಕ್ಕಕ್ಕೆ ಇಟ್ಟು, ಓರೆಯಾಗಿ ಸುತ್ತುತ್ತಾರೆ. ಅಮೆರಿಕದ ಕ್ಷೌರದಂಗಡಿಗಳ ಮುಂದೆ ತಿರುಗುವ ಪಟ್ಟೆಕಂಬವನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ಈ ಸಿಗಾರಿಗೆ ಆ ಕಂಬದ ಹೆಸರೇ ಇದೆ. ನಿಕರಾಗುವಾದ ಎಸ್ತೆಲಿ, ಹೊಂಡುರಾಸಿನ ದಾನ್ಲಿ, ಡೊಮಿನಿಕನ್ ಗಣರಾಜ್ಯದ ಸಾಂತಿಯಾಗೊ ಇಂಥ ಕೈಸುತ್ತಿನ ಸಿಗಾರಿನ ದೊಡ್ಡ ಊರುಗಳು.

ಸುತ್ತುವುದು ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಒಂದು ಎಲೆ ದಪ್ಪ, ಇನ್ನೊಂದು ತೆಳು. ಒಂದು ಎಳೆದಷ್ಟು ಬರುತ್ತದೆ, ಇನ್ನೊಂದು ಹರಿಯುತ್ತದೆ. ಎರಡರ ಅಂಚೂ ಸಂದು ಬಿಡದೆ, ಮೇಲೆ ಏರದೆ ಕೂಡಬೇಕು. ಒಂದು ಸುತ್ತು ಜಾರಿದರೆ ಪಟ್ಟೆ ಪೂರ್ತಿ ಸೊಟ್ಟ. ಈ ಕೆಲಸ ಮಾಡುವ ಬೆರಳುಗಳಿಗೆ ಕೈಮುಗಿಯುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಆ ಬೆರಳುಗಳ ಮೇಲೆ ಅಲ್ಲ, ಅವುಗಳ ಹೆಸರಿನಲ್ಲಿ ವಸೂಲಾಗುವ ದುಡ್ಡಿನ ಮೇಲೆ.

ಎರಡು ಎಲೆ ಎಂಬ ಮಾತನ್ನೇ ಹಿಡಿಯಿರಿ. ಎರಡು ಪಟ್ಟಿಗಳು ಪಕ್ಕಪಕ್ಕಕ್ಕೆ ಕೂತಿವೆಯೇ ಹೊರತು ಒಂದರ ಮೇಲೊಂದು ಕೂತಿಲ್ಲ. ಸಿಗಾರಿನ ಮೈ ಅಷ್ಟೇ ಇದೆ. ಅದನ್ನು ಮುಚ್ಚಲು ಒಂದು ಅಗಲ ಪಟ್ಟಿ ಸಾಕಾಗುವಲ್ಲಿ ಎರಡು ಕಿರಿದು ಪಟ್ಟಿ ಹಾಕಿದ್ದಾರೆ. ಅಂಚು ಕೂಡಿಸಲು ಒಂದಿಷ್ಟು ಹೆಚ್ಚು ಬೇಕಾಗಬಹುದು. ಎರಡು ಬಣ್ಣದ ತುಂಡು ಕೂಡಿಸಿ ಹೊಲಿದ ರವಿಕೆಗೆ ಎರಡು ರವಿಕೆಯ ಬಟ್ಟೆ ಹಿಡಿಯಿತು ಎಂದು ಯಾವ ದರ್ಜಿಯೂ ಹೇಳಲಾರ. ಎಲೆ ಇಮ್ಮಡಿಯಾಗಿಲ್ಲ, ಎರಡು ಬಗೆಯದ್ದಾಗಿದೆ ಅಷ್ಟೆ.

ಇನ್ನು ರುಚಿ. ಹೊದಿಕೆಯ ಎಲೆಯೇ ಸಿಗಾರಿನ ರುಚಿಯ ಬಹುಪಾಲು ಎಂಬುದು ಈ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ತೂಕದ ಲೆಕ್ಕದಲ್ಲಿ ಅದು ಇಡೀ ಸಿಗಾರಿನ ಸಣ್ಣ ಪಾಲು; ಉರಿಯುವ ಸೊಪ್ಪಿನ ಬಹುಭಾಗ ಒಳಗಿದೆ. ತುಟಿಗೆ ತಗಲುವುದು ಹೊದಿಕೆ, ಮೂಗಿಗೆ ಮೊದಲು ಬರುವುದೂ ಅದೇ, ಹಾಗಾಗಿ ಅದಕ್ಕೂ ಒಂದು ಪಾತ್ರ ಇದ್ದೀತು. ಆಗಲಿ, ವಾದಕ್ಕಾಗಿ ಹೊದಿಕೆಯೇ ಎಲ್ಲ ಎಂದು ಒಪ್ಪಿಕೊಳ್ಳೋಣ. ಆಗಲೂ ಎರಡೆಲೆಯ ವಾದ ನಿಲ್ಲುವುದಿಲ್ಲ.

ಯಾಕೆಂದರೆ ಪಟ್ಟೆಗಳು ಓರೆಯಾಗಿ ಸುತ್ತಿವೆ. ಸಿಗಾರನ್ನು ಎಲ್ಲಿ ಅಡ್ಡ ಕೊಯ್ದರೂ ಅಂಚಿನ ವೃತ್ತದಲ್ಲಿ ಸ್ವಲ್ಪ ಕಂದು, ಸ್ವಲ್ಪ ಹಳದಿ ಸಿಗುತ್ತದೆ. ಬೆಂಕಿ ಏರುವುದೂ ಆ ವೃತ್ತದಂತೆಯೇ. ಅಂದರೆ ಮೊದಲ ದಮ್ಮಿನಿಂದ ಕೊನೆಯ ದಮ್ಮಿನವರೆಗೆ ಎರಡೂ ಎಲೆ ಒಟ್ಟಿಗೆ, ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಉರಿಯುತ್ತವೆ. ಸೇದುತ್ತಾ ಹೋದಂತೆ ಒಮ್ಮೆ ಈ ರುಚಿ, ಒಮ್ಮೆ ಆ ರುಚಿ ಬರುತ್ತದೆ ಎಂದು ಗೆಳೆಯ ಹೇಳಿದ. ಬರಲು ದಾರಿಯೇ ಇಲ್ಲ. ಅರ್ಧ ಸಿಗಾರಿಗೆ ಒಂದು ಎಲೆ, ಉಳಿದರ್ಧಕ್ಕೆ ಇನ್ನೊಂದು ಸುತ್ತಿದ್ದರೆ ಆ ಮಾತಿಗೆ ಅರ್ಥ ಇರುತ್ತಿತ್ತು. ಹಾಗೆ ಮಾಡಿದವೂ ಇವೆ. ಪಟ್ಟೆ ಸಿಗಾರಿನಲ್ಲಿ ಸಿಗುವುದು ಎರಡು ಹೊಗೆಯ ಮಿಶ್ರಣ ಮಾತ್ರ. ಮಿಶ್ರಣ ಮಾಡುವುದಕ್ಕೆ ಹೊದಿಕೆಯನ್ನು ಸೀಳಬೇಕಾಗಿಲ್ಲ, ಒಳಗಿನ ಸೊಪ್ಪನ್ನು ಬೆರೆಸಿದರೆ ಸಾಕು. ನಾಲ್ಕೈದು ಕಡೆಯ ಸೊಪ್ಪನ್ನು ಬೆರೆಸಿ ತುಂಬುವುದು ಸಾವಿರದ ಐನೂರರ ಸಿಗಾರಿನಲ್ಲೂ ಆಗಲೇ ನಡೆದಿರುವ ಕೆಲಸ.

ಹಾಗಾದರೆ ಸೇದಿದವರಿಗೆ ವ್ಯತ್ಯಾಸ ಗೊತ್ತಾಗುವುದು ಸುಳ್ಳೇ? ಸುಳ್ಳಲ್ಲ. ಕಣ್ಣು ನೋಡಿದ್ದನ್ನು ನಾಲಿಗೆ ನಂಬುತ್ತದೆ. ಎರಡು ಬಣ್ಣ ಕಂಡವನಿಗೆ ಎರಡು ರುಚಿ ಸಿಗುತ್ತದೆ. ಆ ಪಟ್ಟೆ ಚೆಂದ ಇದೆ, ನಾನೂ ಕಣ್ಣು ಕೀಳದೆ ನೋಡಿದೆ. ಚೆಂದಕ್ಕೆ ದುಡ್ಡು ಕೊಟ್ಟವರು ಚೆಂದಕ್ಕೆ ಕೊಟ್ಟೆ ಎಂದು ಹೇಳಲಿ. ರುಚಿಯ ಹೆಸರು, ಅದಕ್ಕಿಂತ ಹೆಚ್ಚಾಗಿ ಕೂಲಿಯ ಹೆಸರು, ಎತ್ತುವುದು ಬೇಡ.

ಕೊಚ್ಚಿಯಂಥ ಊರಿನಲ್ಲಿ ಆ ಚೆಂದವೂ ಬಾಳುವುದಿಲ್ಲ. ಸಿಗಾರಿಗೆ ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಇರಬೇಕು. ನಮ್ಮಲ್ಲಿ ಇಡವಪ್ಪಾತಿ ಎಂಬ ಮುಂಗಾರು ಮಳೆ ಹಿಡಿದರೆ ತೇವ ಆ ಮಟ್ಟವನ್ನು ದಾಟಿ ಎಲ್ಲಿಗೋ ಹೋಗುತ್ತದೆ; ಚಪ್ಪಲಿಗೆ, ಪುಸ್ತಕಕ್ಕೆ, ಗೋಡೆಗೆ ಬೂಸು ಬರುವ ಕಾಲ ಅದು. ದಪ್ಪ ಎಲೆ ಒಂದು ಬಗೆಯಾಗಿ ನೀರು ಹೀರುತ್ತದೆ, ತೆಳು ಎಲೆ ಇನ್ನೊಂದು ಬಗೆಯಾಗಿ. ಒಂದು ಉಬ್ಬಿದಾಗ ಇನ್ನೊಂದು ಉಬ್ಬುವುದಿಲ್ಲ. ಆ ಸಂಜೆ ಗೆಳೆಯ ಹೊತ್ತಿಸಿಕೊಂಡ ಸಿಗಾರ್ ಕಾಲುಭಾಗ ಉರಿಯುವಷ್ಟರಲ್ಲಿ ಬೆಂಕಿಯ ಹತ್ತಿರ ಸಂದು ಬಿಟ್ಟುಕೊಂಡಿತು. ಹಳದಿ ಪಟ್ಟಿಯ ತುದಿ ಎದ್ದು ನಿಂತಿತು. ಅವನು ಉಗುಳು ಹಚ್ಚಿ ಒತ್ತಿದ, ಮತ್ತೆ ಎದ್ದಿತು. ಕೊನೆಗೆ ಆ ಪಟ್ಟಿಯನ್ನು ಎಳೆದು ಬೂದಿ ತಟ್ಟೆಗೆ ಹಾಕಿದ. ಎಂಟುನೂರು ರೂಪಾಯಿಯ ಎರಡನೇ ಎಲೆ ಅದು. ನಾನು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೈಕೆಲಸ.

ನನ್ನ ಮನೆ ಉಪ್ಪಳದ ಹತ್ತಿರ, ಮಂಜೇಶ್ವರ ತಾಲೂಕು. ಗಡಿ ಕೇರಳದ್ದು, ಮಾತು ಕನ್ನಡ ಮತ್ತು ತುಳು, ಬೀಡಿ ಮಂಗಳೂರಿನದ್ದು. ಅಮ್ಮ ಎಲೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ಅದ್ದಿ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ಹೆಚ್ಚು ನೆನೆದರೆ ಎಲೆ ಕಪ್ಪಾಗುತ್ತದೆ, ಕಡಿಮೆ ನೆನೆದರೆ ಸುರುಟುವಾಗ ಬಿರಿಯುತ್ತದೆ. ಬೆಳಿಗ್ಗೆ ತಗಡಿನ ಅಚ್ಚು ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು. ಒಂದು ಎಲೆಯಲ್ಲಿ ಎರಡು ತುಂಡು ಬರುತ್ತದೋ ಮೂರು ಬರುತ್ತದೋ ಎಂಬುದು ಕತ್ತರಿ ಹಿಡಿದವಳ ಕಣ್ಣಿಗೆ ಬಿಟ್ಟದ್ದು. ಆಮೇಲೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಗೋಡೆಗೆ ಒರಗಿ ಕೂತರೆ ದೀಪ ಹೊತ್ತಿಸುವವರೆಗೆ ಏಳುವುದಿಲ್ಲ. ಎಡಗೈಯಲ್ಲಿ ಎಲೆ. ಬಲಗೈಯ ಮೂರು ಬೆರಳಿನಲ್ಲಿ ಹೊಗೆಸೊಪ್ಪಿನ ಪುಡಿ. ಒಂದು ಬೀಡಿಗೆ ಹಿಡಿಯುವುದು ಗ್ರಾಮಿನ ಐದನೇ ಒಂದು ಭಾಗದಷ್ಟು. ತಕ್ಕಡಿ ಇಲ್ಲ, ಬೆರಳೇ ತಕ್ಕಡಿ. ಹೆಬ್ಬೆರಳಿನಡಿ ಒಂದೇ ಉರುಳು, ಒಂದು ತುದಿ ಸಪುರ, ಇನ್ನೊಂದು ಅಗಲ. ಅಗಲದ ಬಾಯಿಯನ್ನು ಉಗುರಿನಿಂದ ಒಳಕ್ಕೆ ಮಡಚಿ, ಸಪುರದ ಕಡೆ ನೂಲು ಸುತ್ತಿ ಎಳೆದರೆ ಒಂದು ಬೀಡಿ. ಎಣಿಸಿ ಇಪ್ಪತ್ತೈದಾದರೆ ಒಂದು ಕಟ್ಟು. ನಲವತ್ತು ಕಟ್ಟಿಗೆ ಸಾವಿರ. ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆಯಿಂದ ಸವೆದು ಓರೆಯಾಗಿತ್ತು, ಈಗಲೂ ಹಾಗೇ ಇದೆ.

ಸಾಯಂಕಾಲ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಕೊಡುವುದು. ಅಲ್ಲಿಯ ಕಂಟ್ರಾಕ್ಟರ ಕಟ್ಟು ಬಿಚ್ಚಿ, ನಾಲ್ಕೈದು ಬೀಡಿ ಎತ್ತಿ ಬೆಳಕಿಗೆ ಹಿಡಿದು, ಇದು ಸಡಿಲ, ಇದರ ಬಾಯಿ ಸರಿ ಇಲ್ಲ ಎಂದು ಬದಿಗೆ ಹಾಕುತ್ತಿದ್ದ. ಬದಿಗೆ ಹಾಕಿದ್ದು ಲೆಕ್ಕದಿಂದ ಹೋಯಿತು, ಆದರೆ ಅದನ್ನು ಅಮ್ಮನಿಗೆ ಹಿಂದೆ ಕೊಡುತ್ತಿರಲಿಲ್ಲ. ಕೊಟ್ಟ ಎಲೆ ಸಾವಿರ ಬೀಡಿಗೆ ಸಾಲದಿದ್ದರೆ ಉಳಿದದ್ದನ್ನು ನಮ್ಮ ಕೈಯಿಂದ ಕೊಂಡು ತುಂಬಿಸಬೇಕು. ಶಾಲೆಯಿಂದ ಬಂದ ಮೇಲೆ ಕಟ್ಟಿಗೆ ನೂಲು ಹಾಕುವುದು ನನ್ನ ಕೆಲಸವಾಗಿತ್ತು. ಎಷ್ಟು ಸಲ ಆ ಬ್ರಾಂಚಿನ ಮೆಟ್ಟಿಲಲ್ಲಿ ನಿಂತು ಪಾಸ್‌ಬುಕ್ಕಿನಲ್ಲಿ ಒಂಬೈನೂರ ಐವತ್ತು ಎಂದು ಬರೆಯುವುದನ್ನು ನೋಡಿದ್ದೇನೆ. ಮನೆಯಿಂದ ಹೊರಡುವಾಗ ಅದು ಸಾವಿರ ಇತ್ತು.

ಈ ಕೆಲಸವನ್ನು ಕರಕುಶಲ ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಇದು "ಮನೆಯಲ್ಲಿ ಕೂತು ಮಾಡುವ ಕೆಲಸ", "ಹೆಂಗಸರ ಕೈಖರ್ಚಿಗೆ ಆಗುವ ಕೆಲಸ". ಪ್ರಪಂಚದಲ್ಲಿ ಸೇದುವ ವಸ್ತುಗಳಲ್ಲಿ ಇಷ್ಟು ಸಂಪೂರ್ಣವಾಗಿ ಕೈಯಿಂದಲೇ ಆಗುವಂಥದ್ದು ಇನ್ನೊಂದು ಸಿಗುವುದು ಕಷ್ಟ. ಕೈಕೆಲಸಕ್ಕೇ ಬೆಲೆ ಎನ್ನುವುದಾದರೆ ಬೀಡಿ ಕಟ್ಟುವ ಮನೆಗಳ ಮಾಡು ಹಂಚಿನಿಂದ ತಾರಸಿಗೆ ಎಂದೋ ಏರಬೇಕಿತ್ತು. ಇವತ್ತಿಗೂ ಕರಾವಳಿಯಲ್ಲಿ ಸಾವಿರ ಬೀಡಿಯ ಮಜೂರಿ ಮುನ್ನೂರು ರೂಪಾಯಿಯ ಆಚೀಚೆ ಇದೆ. ಬೆಳಗಿನಿಂದ ಕಂತುವವರೆಗಿನ ಕೂಲಿ ಅದು. ಗೆಳೆಯನ ಆ ಒಂದು ಸಿಗಾರಿಗೆ ಅಮ್ಮ ಏಳೆಂಟು ದಿನ ಕೂರಬೇಕು.

ಬೀಡಿ ಬೇರೆ, ಸಿಗಾರ್ ಬೇರೆ ಎನ್ನಬೇಡಿ. ದೇಶದ ಕಾನೂನೇ ಅವನ್ನು ಒಂದು ಮಾಡಿದೆ. 1966ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಹೆಸರು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಭಾಷೆಯೂ ಒಂದು ಮಾಡಿದೆ. ನಾವು ಸುರುಟು ಎನ್ನುವ ಮಾತೇ ತಮಿಳಿನಲ್ಲಿ ಸುರುಟ್ಟು, ಮಲಯಾಳದಲ್ಲಿ ಚುರುಟ್ಟ್. ಅದನ್ನೇ ಬಿಳಿಯರು ಚೆರೂಟ್ ಎಂದು ಕೊಂಡೊಯ್ದು ತಮ್ಮ ನಿಘಂಟಿಗೆ ಸೇರಿಸಿಕೊಂಡರು. ತಿರುಚಿರಾಪಳ್ಳಿಯ ಚುರುಟು 1887ರಲ್ಲೇ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಬಂದು ಕೂತಿದೆ. ಎಲೆಯನ್ನು ಸುರುಟುವ ಕೈಗಳು ಯಾವ ದೇಶದಲ್ಲೂ ಒಂದೇ ಜಾತಿಯವು.

ಆ ಕಾಯ್ದೆ ಬಂದಾಗ ಏನಾಯಿತು ಎಂಬುದು ನಮ್ಮ ಕಡೆಯವರು ಮರೆಯಬಾರದ ಕಥೆ. ಕೆಲಸದ ಹೊತ್ತು, ರಜೆ, ಹೆರಿಗೆ ಸವಲತ್ತು ಕೊಡಬೇಕು ಎಂದು ಅದು ಹೇಳಿತು. 1968ರಲ್ಲಿ ಕೇರಳ ಅದನ್ನು ಜಾರಿಗೆ ತರಲು ಹೊರಟಾಗ ಕಣ್ಣೂರು ಸೀಮೆಯಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ಮಾಲೀಕರು ಅಲ್ಲಿಯ ಕಂಪೆನಿಗಳ ಬಾಗಿಲು ಹಾಕಿ ಗಡಿ ದಾಟಿ ಬಂದರು. ಸುಮಾರು ಹನ್ನೆರಡು ಸಾವಿರ ಮಂದಿಗೆ ಕೆಲಸ ಹೋಯಿತು. ಕಾಯ್ದೆಯನ್ನು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತಿತರರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1974ರಲ್ಲಿ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿ ಹಿಡಿಯಿತು. ಅಷ್ಟರಲ್ಲಿ ಕಣ್ಣೂರಿನ ಕೆಲಸಗಾರರು ಕಾಯುತ್ತ ಕೂತಿರಲಿಲ್ಲ. 1969ರಲ್ಲೇ ಜಿ.ಕೆ. ಪಣಿಕ್ಕರರ ಅಧ್ಯಕ್ಷತೆಯಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿಕೊಂಡಿದ್ದರು. ಅದರ ಒಳ್ಳೆಯ ದಿನಗಳಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಮಂದಿ ಅಲ್ಲಿ ದುಡಿದರು. ಖಾಸಗಿಯವರಿಗಿಂತ ಹೆಚ್ಚು ಮಜೂರಿ, ಪಿ.ಎಫ್., ಪಿಂಚಣಿ, ಹೆರಿಗೆ ರಜೆ ಎಲ್ಲವನ್ನೂ ಕೊಟ್ಟಿತು. ಬೀಡಿ ಸೇದುವವರು ಕಡಿಮೆಯಾಗುತ್ತಾರೆಂದು ಗೊತ್ತಾದಾಗ ಕೊಡೆ, ಮಸಾಲೆ ಪುಡಿ, ಸಿದ್ಧ ಉಡುಪು ಎಂದು ಬೇರೆ ದಾರಿಯನ್ನೂ ಹಿಡಿಯಿತು.

ದಿನೇಶ್ ಬೀಡಿ ಮಾರಿದ್ದು ಬಡವನ ಜೇಬಿಗೆ ಎಟುಕುವ ಬೀಡಿಯನ್ನೇ. ಅದರಲ್ಲಿ ಎರಡನೇ ಎಲೆ ಇರಲಿಲ್ಲ, ಚಿನ್ನದ ಅಚ್ಚಿನ ಉಂಗುರಪಟ್ಟಿ ಇರಲಿಲ್ಲ, ಮರದ ಪೆಟ್ಟಿಗೆ ಇರಲಿಲ್ಲ. ಆದರೂ ಕಟ್ಟಿದ ಕೈಗೆ ಮರ್ಯಾದೆಯ ಕೂಲಿ ಸಿಕ್ಕಿತು. ಗೆಳೆಯನ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ. ಕೈಗೆ ಎಷ್ಟು ಸೇರುತ್ತದೆ ಎಂಬುದು ವಸ್ತುವಿನ ಬೆಲೆಯನ್ನು ನೋಡಿ ನಿರ್ಧಾರವಾಗುವುದಲ್ಲ. ಲೆಕ್ಕದ ಪುಸ್ತಕ ಯಾರ ಮೇಜಿನ ಮೇಲಿದೆ ಎಂಬುದರಿಂದ ಆಗುತ್ತದೆ. ಪೈಸೆಗೆ ಮಾರಿದ ಬೀಡಿಯಲ್ಲಿ ಕೆಲಸಗಾರನ ಮಗಳು ಕಾಲೇಜಿಗೆ ಹೋಗಬಹುದು. ಸಾವಿರಗಟ್ಟಲೆಗೆ ಮಾರಿದ ಸಿಗಾರಿನಲ್ಲಿ ಹೋಗದೆಯೂ ಇರಬಹುದು.

ಬೀಡಿಗೂ ಸಿಗಾರಿಗೂ ಇನ್ನೊಂದು ನಂಟಿದೆ. ಕಣ್ಣೂರಿನ ಬೀಡಿ ಕಂಪೆನಿಗಳಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. ಹವಾನಾದ ಎಲ್ ಫಿಗಾರೊ ಸಿಗಾರ್ ಕಾರ್ಖಾನೆಯಲ್ಲಿ 1865ರಲ್ಲಿ ಇದೇ ಪದ್ಧತಿ ಶುರುವಾಯಿತು. ಎರಡು ಸಾಗರದ ಆಚೆ ಈಚೆ ಇದ್ದ ಈ ಮಂದಿ ಒಬ್ಬರನ್ನೊಬ್ಬರು ಕಂಡವರಲ್ಲ. ಮಾಂಟೆ ಕ್ರಿಸ್ಟೊ ಎಂಬ ಸಿಗಾರಿಗೆ ಆ ಹೆಸರು ಬಂದದ್ದು ಹಾಗೆ ಓದಿಸಿಕೊಂಡು ಕೇಳಿದ ಕಾದಂಬರಿಯಿಂದ ಎಂದು ಮಾರುವವರು ಅಭಿಮಾನದಿಂದ ಹೇಳುತ್ತಾರೆ. ಓದಿದವನ ಪಾಲಿನ ಕೆಲಸವನ್ನು ಮೈಮೇಲೆ ಹಾಕಿಕೊಂಡವರ ಮಾತು ಬಂದರೆ ಮಾತ್ರ ಆ ಅಭಿಮಾನ ಕಾಣಿಸುವುದಿಲ್ಲ.

ಎರಡನೇ ಎಲೆಯ ಆ ಎಂಟುನೂರು ರೂಪಾಯಿಯನ್ನು ಈಗ ಒಮ್ಮೆ ಕೂಡಿಸಿ ನೋಡೋಣ. ಸಿಗಾರ್ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಜೋಡಿಯಾಗಿ ಕೂರುತ್ತಾರೆ. ಒಬ್ಬರು ಒಳಗಿನದ್ದನ್ನು ಕಟ್ಟುತ್ತಾರೆ, ಇನ್ನೊಬ್ಬರು ಹೊದಿಕೆ ಸುತ್ತುತ್ತಾರೆ. ಹೊದಿಕೆಯ ಕಡೆ ಹೆಚ್ಚಾಗಿ ಹೆಂಗಸರೇ. ಎರಡೆಲೆಯದ್ದು ನಿಧಾನ, ಆದ್ದರಿಂದ ದಿನಕ್ಕೆ ನೂರೇ ಆಗುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚುವರಿ ಬೆಲೆ ನಿಜವಾಗಿ ಕೈಕೆಲಸದ್ದೇ ಆಗಿದ್ದರೆ ಆ ಹೆಂಗಸು ದಿನಕ್ಕೆ ಎಂಬತ್ತು ಸಾವಿರ ರೂಪಾಯಿ ಹೆಚ್ಚಿಗೆ ಮನೆಗೆ ಒಯ್ಯಬೇಕು. ಅರ್ಧ ಸೋರಿಹೋಯಿತು ಎನ್ನಿ, ನಲವತ್ತು ಸಾವಿರ. ನೂರರಲ್ಲಿ ತೊಂಬತ್ತೊಂಬತ್ತು ಸೋರಿದರೂ ಎಂಟುನೂರು. ನಿಕರಾಗುವಾದಲ್ಲಿ ಎಲೆ ಸುತ್ತುವ ಹೆಂಗಸಿಗೆ ದಿನಕ್ಕೆ ಎಂಬತ್ತು ಸಾವಿರ ರೂಪಾಯಿ ಸಿಗುತ್ತದೆ ಎಂದು ನಂಬುವವರು ಆ ಬಾಲ್ಕನಿಯಲ್ಲೂ ಯಾರೂ ಇರಲಾರರು. ಅಲ್ಲಿಯೂ ಎಣಿಕೆಯ ಮೇಲಿನ ಕೂಲಿಯೇ ರೂಢಿ.

ಉಳಿದದ್ದು ಎಲ್ಲಿಗೆ ಹೋಗುತ್ತದೆ? ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲಿನಲ್ಲಿ ಆಮದು ಸರಕಿನ ಕಾಗದಪತ್ರ ನೋಡುವುದು ನನ್ನ ಹೊಟ್ಟೆಪಾಡು. ಬೆಲೆ ಹೇಗೆ ಬೆಳೆಯುತ್ತದೆ ಎಂಬುದನ್ನು ದಿನಾ ನೋಡುತ್ತೇನೆ. ಸರಕಿನ ಬೆಲೆಗೆ ಸಾಗಣೆ ಸೇರುತ್ತದೆ, ವಿಮೆ ಸೇರುತ್ತದೆ. ಆ ಮೊತ್ತದ ಮೇಲೆ ಆಮದು ಸುಂಕ. ಸುಂಕವೂ ಸೇರಿದ ಮೊತ್ತದ ಮೇಲೆ ಜಿ.ಎಸ್.ಟಿ. ಅಂದರೆ ತೆರಿಗೆಯ ಮೇಲೆ ತೆರಿಗೆ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಸಿಗಾರಿಗೆ ಶೇಕಡಾ 28, ಅದರ ಜೊತೆಗೆ ಶೇಕಡಾ 21 ಇಲ್ಲವೇ ಸಾವಿರಕ್ಕೆ 4,170 ರೂಪಾಯಿ, ಯಾವುದು ಹೆಚ್ಚೋ ಅಷ್ಟು ಸೆಸ್ ಹಾಕಿದರು. ತೆರಿಗೆ ಹಾಕಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಹೊಗೆಸೊಪ್ಪಿಗೆ ಹಾಕಲೇಬೇಕು. ಆದರೆ ಇವೆಲ್ಲ ಶೇಕಡಾವಾರು ಏರುವ ಲೆಕ್ಕ. ಅಲ್ಲಿ ಕಾರ್ಖಾನೆಯ ಬಾಗಿಲಲ್ಲಿ ಪಟ್ಟೆಯ ಹೆಸರಿನಲ್ಲಿ ಬೆಲೆ ಒಂದು ಮೆಟ್ಟಿಲು ಏರಿದರೆ, ಇಲ್ಲಿ ಅಂಗಡಿಯ ಗಾಜಿನ ಕಪಾಟಿಗೆ ಬರುವಷ್ಟರಲ್ಲಿ ಅದು ಮೂರು ಮೆಟ್ಟಿಲು ಏರಿರುತ್ತದೆ. ಮೇಲೆ ಬ್ರ್ಯಾಂಡಿನ ಲಾಭ, ಆಮದುದಾರನ ಲಾಭ, ಅಂಗಡಿಯ ಬಾಡಿಗೆ ಮತ್ತು ಹವಾನಿಯಂತ್ರಣ. ಈ ಕಾಗದಗಳಲ್ಲಿ ತೂಕಕ್ಕೆ ಒಂದು ಅಂಕಣ ಇದೆ, ಎಣಿಕೆಗೆ ಇದೆ, ಹುಟ್ಟಿದ ದೇಶಕ್ಕೆ ಇದೆ, ವಿಮೆಗೆ ಇದೆ. ಸುತ್ತಿದ ಕೈಗೆ ಸಿಕ್ಕಿದ್ದೆಷ್ಟು ಎಂಬ ಅಂಕಣವನ್ನು ನಾನು ಇಷ್ಟು ವರ್ಷದಲ್ಲಿ ಒಂದು ಕಾಗದದಲ್ಲೂ ಕಂಡಿಲ್ಲ.

ವಲ್ಲಾರ್ಪಾಡಂ ಈ ಪಾಠವನ್ನು ಇನ್ನೊಂದು ರೀತಿಯಲ್ಲೂ ಕಲಿಸಿದೆ. 2011ರ ಫೆಬ್ರವರಿಯಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ ಈ ಟರ್ಮಿನಲಿಗೆ ರಸ್ತೆ ಮತ್ತು ರೈಲು ಹಾದಿ ಮಾಡಲು 316 ಕುಟುಂಬಗಳನ್ನು ಎಬ್ಬಿಸಿದರು. 2008ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿಯಲ್ಲಿ ಮನೆಗಳನ್ನು ಕೆಡವಿದ್ದು ಕೊಚ್ಚಿಯಲ್ಲಿ ಎಲ್ಲರಿಗೂ ಗೊತ್ತು. ಪುನರ್ವಸತಿಗಾಗಿ ಅವರು ವರ್ಷಗಟ್ಟಲೆ ಧರಣಿ ಕೂತರು. ಆ ರಸ್ತೆಯ ಮೇಲೆ ದಿನವೂ ಓಡಾಡುವ ನನಗೆ, ವಸ್ತುವಿನ ಬೆಲೆಚೀಟಿಯಲ್ಲಿ ಅದಕ್ಕಾಗಿ ತೆತ್ತವರೆಲ್ಲರ ಲೆಕ್ಕ ಇರುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಿಕೊಂಡು ಕೂರಲು ಆಗುವುದಿಲ್ಲ.

ನನ್ನ ದುಡ್ಡು, ನನ್ನ ಖುಷಿ, ನಿನಗೇನು ಎಂದು ಗೆಳೆಯ ಕೇಳಬಹುದು. ಕೇಳಲಿ. ಅವನು ಪಟ್ಟೆಯನ್ನು ಇಷ್ಟಪಟ್ಟು ಕೊಂಡರೆ ನನಗೆ ಏನೂ ಇಲ್ಲ. ರೇಷ್ಮೆ ಸೀರೆಯ ಅಂಚಿಗೂ ಜನ ದುಡ್ಡು ಕೊಡುತ್ತಾರೆ. ಆದರೆ ಅವನು ಖುಷಿಗೆ ಕೊಟ್ಟೆ ಎಂದು ಹೇಳಲಿಲ್ಲ, ಕೈಗೆ ಕೊಟ್ಟೆ ಎಂದ. ಹಾಗೆ ಹೇಳಿದಾಗ ಎರಡು ಅನ್ಯಾಯ ಆಗುತ್ತದೆ. ದೂರದ ಆ ಹೆಂಗಸಿಗೆ ಸಲ್ಲದ ದುಡ್ಡು ಸಂದಿದೆ ಎಂದು ಬರೆದಂತಾಗುತ್ತದೆ. ಹತ್ತಿರದ ಈ ಹೆಂಗಸಿನ ಕೆಲಸ ಅಗ್ಗವಾಗಿರುವುದಕ್ಕೆ ಅವಳ ಕೈಯೇ ಅಗ್ಗ ಎಂದು ಹೇಳಿದಂತಾಗುತ್ತದೆ.

ಬೀಡಿಯ ಪರವಾಗಿ ನಾನು ವಕಾಲತ್ತು ಹಾಕುತ್ತಿದ್ದೇನೆ ಎಂದೂ ತಿಳಿಯಬೇಡಿ. ಅಮ್ಮನ ತಮ್ಮ, ನನ್ನ ಸೋದರಮಾವ, ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದವರು. ಅವರನ್ನು ಕರೆದುಕೊಂಡು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ ರಾತ್ರಿ ರೈಲಿನಲ್ಲಿ ಎಷ್ಟು ಸಲ ಹೋಗಿದ್ದೇನೆ ಎಂಬುದಕ್ಕೆ ಲೆಕ್ಕ ಇಲ್ಲ. ಅಲ್ಲಿಯ ಬೆಂಚಿನ ಮೇಲೆ ಮುಂಡು ಉಟ್ಟವರೂ ಇದ್ದರು, ಕಾರಿನಲ್ಲಿ ಬಂದವರೂ ಇದ್ದರು. ದುಬಾರಿ ಸಿಗಾರಿನ ಹೊಗೆಯನ್ನು ಒಳಕ್ಕೆ ಎಳೆಯುವುದಿಲ್ಲ, ಬಾಯಲ್ಲಿ ಇಟ್ಟು ಬಿಡುತ್ತೇವೆ, ಆದ್ದರಿಂದ ಅಪಾಯ ಇಲ್ಲ ಎಂಬುದು ಆ ಬಾಲ್ಕನಿಯಲ್ಲಿ ಕೇಳಿದ ಇನ್ನೊಂದು ಮಾತು. ಸಿಗಾರಿನ ಹೊಗೆ ಕ್ಷಾರಗುಣದ್ದು, ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಅದು ದಾರಿ. ಹದಿನೈದು ಗ್ರಾಂ ಸೊಪ್ಪಿನ ಒಂದು ದೊಡ್ಡ ಸಿಗಾರಿನಲ್ಲಿ ಎಪ್ಪತ್ತೈದು ಬೀಡಿಯ ಸೊಪ್ಪು ಇದೆ, ಸರಿಯಾಗಿ ಮೂರು ಕಟ್ಟು. ತಿರುವನಂತಪುರದ ಹಳ್ಳಿಗಳಲ್ಲಿ 1996ರಿಂದ ನಡೆದ ಒಂದು ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಾಕಿ ಜನರ ಬಾಯಿ ನೋಡಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಇದರಿಂದ ಮೂರನೇ ಒಂದರಷ್ಟು ಇಳಿಯಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ದೀಪ, ಎರಡು ಕಣ್ಣು, ಕಲಿತ ಒಂದು ಕೈ. ಇದು ನಿಜಕ್ಕೂ ಬೆಲೆ ಕಟ್ಟಬೇಕಾದ ಕೈಕೆಲಸ. 1999ರ ಜುಲೈಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ಕೇರಳ ಹೈಕೋರ್ಟು ನಿಷೇಧಿಸಿದಾಗ ಬೀಡಿ, ಸಿಗರೇಟು, ಸಿಗಾರ್ ಎಂದು ಭೇದ ಮಾಡಲಿಲ್ಲ.

ಓಣಂ ರಜೆಗೆ ಊರಿಗೆ ಹೋದಾಗ ಜೇಬಿನಲ್ಲಿ ಉಳಿದಿದ್ದ ಆ ಪಟ್ಟಿಯನ್ನು ಅಮ್ಮನಿಗೆ ಕೊಟ್ಟೆ. ಕಾಗದದಲ್ಲಿ ಸುತ್ತಿಟ್ಟಿದ್ದೆ, ಒಣಗಿ ಮುದುರಿತ್ತು. ಅವಳು ಅದಕ್ಕೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೊಣಕಾಲ ಮೇಲೆ ಹರವಿ ಹೆಬ್ಬೆರಳಿನಿಂದ ನೀವಿದಳು. ನರ ಎಷ್ಟು ಸಪುರ ಇದೆ ನೋಡು ಅಂದಳು. ಅಂಚನ್ನು ಕಣ್ಣಿನ ಹತ್ತಿರ ತಂದು, ಕೊಯ್ದದ್ದು ಒಂದೇ ಎಳೆತಕ್ಕೆ, ಕೈ ಎಲ್ಲೂ ನಿಂತಿಲ್ಲ ಅಂದಳು. ಇದು ಯಾರೋ ಹೆಂಗಸು ಸುತ್ತಿದ್ದು ಎಂದು ನಾನು ಹೇಳಿದಾಗ ಹೌದು ಎಂಬಂತೆ ತಲೆಯಾಡಿಸಿದಳು.

"ಅವಳಿಗೆ ಸಾವಿರಕ್ಕೆ ಎಷ್ಟಂತೆ?" ಎಂದು ಕೇಳಿದಳು.

ಗೆಳೆಯನ ಪೆಟ್ಟಿಗೆಯ ಮುಚ್ಚಳದ ಒಳಗೆ ಎಲೆ ಬೆಳೆದ ಕಣಿವೆಯ ಹೆಸರಿತ್ತು, ಎಷ್ಟು ವರ್ಷ ಹಳೆಯದು ಎಂದಿತ್ತು. ಇದು ಇರಲಿಲ್ಲ.